ಅತ್ತೆ ಬಿಚ್ಚಿಸಿದ ತಡಿಕೆ

ಭದ್ರಾವತಿ, ೪-೧೧-೩೮

ಅಮ್ಮನಿಗೆ ಭಾಗೀರಥಿಯ ನಮಸ್ಕಾರ.

ಪಕ್ಕದ ಮನೆಯ ಸಾಬರು ಕಣ್ಣಿಗೆ ಬೀಳಬಾರದೆಂದು ಅತ್ತೆ ಹಿತ್ತಲಿಗೆ ತಡಿಕೆ ಕಟ್ಟಿಸಿದ್ದು ನಿನಗೆ ಗೊತ್ತಲ್ಲ. ನಿನ್ನೆ ನಮಗೆ ಏಕಾದಶಿ, ಅವರಿಗೆ ರಂಜಾನ್. ತಡಿಕೆಯಾಚೆ ಬಟ್ಟೆ ಒಗೆಯುತ್ತಿದ್ದ ಹಮೀದಾಬಿಯನ್ನು ಅತ್ತೆ, "ನಿಮ್ಮ ಉಪವಾಸಕ್ಕೆ ಹಾಲು ಹಣ್ಣು ನಡೆಯುತ್ತೋ?" ಎಂದು ಕೇಳಿದರು.

"ಹೊತ್ತು ಮುಳುಗೋವರೆಗೂ ನೀರೂ ಇಲ್ಲಮ್ಮ. ತಿಂಗಳಿಡೀ ಹಿಂಗೇ," ಎಂದರು ಅವರು.

ನೀರೂ ಮುಟ್ಟದ ಉಪವಾಸ ತಮ್ಮೊಬ್ಬರದೇ ಎಂದುಕೊಂಡಿದ್ದ ಅತ್ತೆ ಅಲ್ಲೇ ಕೂತುಬಿಟ್ಟರು. ಮಾತು ಸಂಜೆಯವರೆಗೂ ಮುಗಿಯಲಿಲ್ಲ. ಇವತ್ತು ಪಾರಣೆ ಆದದ್ದೇ ಇವರನ್ನು ಕರೆದು, "ಆ ತಡಿಕೆ ಬಿಚ್ಚೋ. ಮಾತಾಡೋವಾಗ ಆಕೆ ಮುಖಾನೇ ಕಾಣಲ್ಲ," ಎಂದರು.

ನನ್ನ ಕೆಮ್ಮು ವಾಸಿಯಾಗಿದೆ. ತಡಿಕೆ ಇದ್ದರಷ್ಟೇ ಬರುತ್ತೇನೆ ಎಂದಿದ್ದೆಯಲ್ಲ, ಅದೀಗ ಬಚ್ಚಲ ಒಲೆಯಲ್ಲಿ ಉರಿಯುತ್ತಿದೆ. ಬಾ, ನೀರು ಕಾದಿದೆ.