ಗೋಡೆಯ ಕೊಳವೆ ಮತ್ತು ಮಾವನ ಸಲಿಕೆ

ಓರೆಸ್ಟ್,

ಮನೆ ಬೆಚ್ಚಗಿದೆ, ಗಾಬರಿಯಾಗಬೇಡ. ಬೆಳಿಗ್ಗೆ ಮನೆ ಬಿಸಿ ಮಾಡುವ ಫರ್ನೇಸ್ ಹೊತ್ತಿಕೊಂಡ ಮರುಕ್ಷಣವೇ ಆರಿಹೋಗುತ್ತಿತ್ತು. ಮುಚ್ಚಳ ಬಿಚ್ಚಿ ಸೆನ್ಸರ್ ಉಜ್ಜಿದೆ, ಫಿಲ್ಟರ್ ಬದಲಿಸಿದೆ; ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಹೊರಗೆ ಹೋಗಿ ನೋಡಿದರೆ, ಫರ್ನೇಸಿಗೆ ಗಾಳಿ ಎಳೆದು ಹೊಗೆ ಬಿಡುವ ಗೋಡೆಯ ಕೊಳವೆಗಳೆರಡೂ ಹಿಮದಲ್ಲಿ ಹೂತಿದ್ದವು. ನಾನು ಡ್ಯೂಟಿಗೆ ಹೋಗುವಾಗ ಜಾರಬಾರದು ಅಂತ ನಿಮ್ಮಪ್ಪ ದಾರಿಯ ಹಿಮವನ್ನೆಲ್ಲ ಬಾಚಿ ಅಲ್ಲಿಗೇ ಎಸೆದಿದ್ದಾರೆ. ಎಂಬತ್ತನೇ ವಯಸ್ಸಿನಲ್ಲಿ! ಅದನ್ನು ತೆಗೆದ ಮೇಲೆ ಸರಿಹೋಯಿತು.

ಕೊಳವೆ ಇರುವ ಗುರುತಿಗೆ ಅಲ್ಲೊಂದು ಗೂಟ ನೆಡು ಅಂತ ನೆಲ ಹೆಪ್ಪುಗಟ್ಟುವ ಮೊದಲೇ ಬಡಕೊಂಡಿದ್ದೆ. ಈಗ ನಿನ್ನ ಹಾಕಿ ಸ್ಟಿಕ್ಕನ್ನೇ ಹಿಮದಲ್ಲಿ ಚುಚ್ಚಿ ನಿಲ್ಲಿಸು.

ಅವರ ಮುಂದೆ ಬಾಯಿ ಬಿಡಬೇಡ. ಫಿಲ್ಟರ್ ಬದಲಿಸೋದು ನಾನೇ ಮರೆತಿದ್ದೆ, ಅದಕ್ಕೇ ಕೆಟ್ಟಿತು ಅಂದಿದ್ದೇನೆ. "ಅಷ್ಟೂ ನೋಡ್ಕೊಳ್ಳೋಕಾಗಲ್ವೇನಮ್ಮಾ?" ಅಂತ ಚೆನ್ನಾಗಿ ಬೈದು, ಖುಷಿಯಾಗಿ ಎರಡು ತಟ್ಟೆ ಪಿರೋಗಿ ಕಡುಬು ತಿಂದರು. ಮಧ್ಯಾಹ್ನ ಮತ್ತೆ ಹಿಮ ಬೀಳುತ್ತದಂತೆ. ಸಲಿಕೆ ಪಕ್ಕದಲ್ಲಿಟ್ಟುಕೊಂಡೇ ಮಲಗಿದ್ದಾರೆ. ಅವರು ಏಳುವುದರೊಳಗೆ ಸ್ಟಿಕ್ ಚುಚ್ಚು.

ಡಾರ್ಸಿಯಾ