ಮುಳ್ಳುಗಿಡ ಕಿತ್ತ ಅಪರಾಧಕ್ಕೆ ವಶವಾದ ಗುದ್ದಲಿಯ ಬಗ್ಗೆ

ಹುಲ್ಲುಗಾವಲು ಸಂರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಅಕ್ಕ ಸಾರ್ವಜನಿಕ ಹುಲ್ಲುಗಾವಲಿನಲ್ಲಿ ಮುಳ್ಳುಗಿಡವನ್ನು ಬೇರುಸಮೇತ ಕಿತ್ತಳು. ಈ ಘೋರ ಕೃತ್ಯಕ್ಕಾಗಿ ತಮ್ಮ ಕಚೇರಿ ಅವಳ ಗುದ್ದಲಿಯನ್ನು ವಶಪಡಿಸಿಕೊಂಡಿದೆ. ದನ ಮೇಯಿಸುವ ಪರವಾನಗಿಯನ್ನು ಏಕೆ ರದ್ದುಪಡಿಸಬಾರದು ಎಂದು ನೋಟಿಸು ಕೊಟ್ಟು ವಿಚಾರಣೆಗೂ ಕರೆದಿದೆ. ಅವಳು ಹಾಲು ಮಾರಿ ಸಂಸಾರ ತೂಗಿಸುವ ಹೆಂಗಸು. ಪರವಾನಗಿ ಹೋದರೆ ದನಗಳನ್ನು ಮಾರಬೇಕು, ದನ ಮಾರಿದ ಮೇಲೆ ಏನು ಮಾಡಬೇಕೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದ್ದರಿಂದ ಅವಳು ತಮ್ಮ ಮೇಜಿನ ಮುಂದೆ ಕೈಕಟ್ಟಿ ನಿಲ್ಲುವ ಮೊದಲೇ ನಾಲ್ಕು ಮಾತು ಎಲ್ಲರಿಗೂ ಕೇಳುವಂತೆ ಹೇಳಿಬಿಡುತ್ತೇನೆ.

ಮೊದಲು ಮೃತರ ಪರಿಚಯ. ಈ ಪತ್ರ ಓದುವವರೆಲ್ಲರಿಗೂ ಆ ಗಿಡದೊಂದಿಗೆ ತಮಗಿರುವಷ್ಟು ಆತ್ಮೀಯತೆ ಇರಲಾರದು. ನಾವದನ್ನು ಮುಳ್ಳುಚೆಂಡು ಎನ್ನುತ್ತೇವೆ. ಎಲೆಯಲ್ಲಿ ಮುಳ್ಳು, ಕಾಂಡದಲ್ಲಿ ಮುಳ್ಳು, ತುದಿಯಲ್ಲಿ ನೇರಳೆ ಬಣ್ಣದ ಚೆಂದದ ಹೂವು. ಈ ನೆಲದ ಗಿಡವಲ್ಲ, ಎಂದೋ ಹೊರಗಿನಿಂದ ತರಿಸಿದ ಮೇವಿನ ಬೀಜದ ಜೊತೆ ಸೇರಿಕೊಂಡು ಬಂದದ್ದು. ನೆಲಕ್ಕೆ ಎಲೆ ಹಾಸಿಕೊಂಡು ಕೂತಿತೆಂದರೆ ಅದರಡಿ ಒಂದೆಸಳು ಹುಲ್ಲು ಉಳಿಯುವುದಿಲ್ಲ. ಹೂವು ಒಣಗಿದರೆ ಬೀಜಗಳು ಹತ್ತಿಯ ಎಳೆಯಂತೆ ಗಾಳಿಗೆ ತೇಲಿಕೊಂಡು ಹೋಗಿ ಬೇಕಾದಲ್ಲಿ ಇಳಿಯುತ್ತವೆ. ಅವಕ್ಕೆ ಪರವಾನಗಿ ಬೇಕಿಲ್ಲ.

ಇದನ್ನು ಹದ್ದುಬಸ್ತಿನಲ್ಲಿಡಲು ನಮ್ಮಲ್ಲಿ ಒಂದು ರೂಢಿ ಇತ್ತು. ದನ ಹೊಡೆದುಕೊಂಡು ಹೋಗುವವರ ಹೆಗಲ ಮೇಲೆ ಗುದ್ದಲಿ ಇರಲೇಬೇಕು. ಸಂಜೆ ಗುಡ್ಡ ಇಳಿದು ಬರುವ ಮೊದಲು, ಹೂ ಬಿಡದ ಎಳೆಗಿಡಗಳನ್ನು ಹುಡುಕಿ ಅಗೆದು ದೊಡ್ಡ ಬಂಡೆಯ ಮೇಲೆ ಬೇರು ಆಕಾಶಕ್ಕೆ ಮಾಡಿ ಒಣಗಿಸಬೇಕು. ಬರಿಗೈಯಲ್ಲಿ ಇಳಿದವರನ್ನು "ಏನು, ಇವತ್ತು ಹುಲ್ಲುಗಾವಲಿಗೆ ನೆಂಟರಾಗಿ ಹೋಗಿದ್ರಾ?" ಎಂದು ಕೆರೆಯವರೆಗೂ ಗೇಲಿ ಮಾಡುತ್ತಿದ್ದರು. ಸಭೆ ಇಲ್ಲ, ಸಮಿತಿ ಇಲ್ಲ, ಉದ್ಘಾಟನೆಯೂ ಇಲ್ಲ. ಇಷ್ಟೊಂದು ಕೊರತೆಗಳ ನಡುವೆಯೂ ಕೆಲಸ ಹೇಗೆ ಆಗುತ್ತಿತ್ತೋ, ತಮ್ಮ ಕಚೇರಿಗೆ ಅದು ಸಹಿಸಲಾಗದ ಒಗಟೇ ಆಗಿದ್ದಿರಬೇಕು.

ಅಷ್ಟರಲ್ಲಿ ಯಾರೋ ಹುಲ್ಲುಗಾವಲಿನಿಂದ ಗಾಡಿಗಟ್ಟಲೆ ಮಣ್ಣು ಕದ್ದು ಸಾಗಿಸಿದರು. ತಾವು ಕೆರಳಿದಿರಿ, ಕೆರಳಬೇಕಾದದ್ದೇ. ಇನ್ನು ಮುಂದೆ ಹುಲ್ಲುಗಾವಲಿನಲ್ಲಿ ಯಾರೂ ಯಾವ ಕಾರಣಕ್ಕೂ ನೆಲ ಅಗೆಯಕೂಡದೆಂದು ಆದೇಶ ಹೊರಡಿಸಿದಿರಿ. ಮಣ್ಣು ಕದಿಯುವವರು ಬೇರೆ ಗುಡ್ಡ ನೋಡಿಕೊಂಡರು. ಗುದ್ದಲಿಗಳು ಮಾತ್ರ ಮನೆ ಸೇರಿದವು. ಹಾಗಾದರೆ ಮುಳ್ಳುಚೆಂಡಿನ ಗತಿ ಏನು ಎಂದು ಕೇಳಿದ್ದಕ್ಕೆ, ಅದನ್ನು ಇಲಾಖೆಯೇ ವೈಜ್ಞಾನಿಕವಾಗಿ ನಿರ್ಮೂಲನೆ ಮಾಡುವುದೆಂಬ ಉತ್ತರ ಬಂತು. ವೈಜ್ಞಾನಿಕ ಎಂದರೆ ಹೀಗೆ: ಗಿಡದ ಗುರುತು ಹೂವಿನಿಂದಲೇ ಖಚಿತವಾಗಬೇಕು. ಹೂವು ಬಿಡುವವರೆಗೆ ಕಾಯಬೇಕು. ಬಿಟ್ಟ ಮೇಲೆ ಪರಿಶೀಲನೆ, ಪರಿಶೀಲನೆಯ ಮೇಲೆ ಮಂಜೂರಾತಿ, ಮಂಜೂರಾತಿಯ ಮೇಲೆ ಹುಲ್ಲು ಕತ್ತರಿಸುವ ಯಂತ್ರ. ಯಂತ್ರ ಗುಡ್ಡ ಹತ್ತುವ ಹೊತ್ತಿಗೆ ಹೂವೆಲ್ಲ ಒಣಗಿ ಬೀಜವಾಗಿತ್ತು. ಅದು ಭರ್ರೆಂದು ಒಂದು ಸುತ್ತು ಹೊಡೆದಾಗ ಗುಡ್ಡದ ಮೇಲೆಲ್ಲ ಬಿಳಿ ಎಳೆಗಳ ಮೋಡ ಎದ್ದಿತು. ಮೊದಲು ಗಿಡವಿದ್ದದ್ದು ಬಂಡೆಯ ಈಚೆ ಬದಿಯಲ್ಲಿ ಮಾತ್ರ, ಮುಂದಿನ ಹಂಗಾಮಿಗೆ ಆಚೆ ಬದಿಯೂ ಅದರದ್ದೇ ಆಯಿತು. ಸ್ವತಃ ಗಿಡಕ್ಕೇ ಇಷ್ಟು ಚೆನ್ನಾಗಿ ಬಿತ್ತನೆ ಮಾಡಲು ಬರುತ್ತಿರಲಿಲ್ಲ, ಮಾನ್ಯರೇ.

ಅಕ್ಕನ ಹಸುವೊಂದಕ್ಕೆ ಅತ್ತೆ ಎಂದು ಹೆಸರು. ಯಾವ ಮೇವು ಹಾಕಿದರೂ ಮೂಗು ಮುರಿಯುತ್ತದೆಂದು ಅಕ್ಕನೇ ಇಟ್ಟದ್ದು. ತನ್ನ ನಿಜವಾದ ಅತ್ತೆ ಬದುಕಿದ್ದಾಗ ಮಾತ್ರ ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದಳು. ಆ ಅತ್ತೆ ಈಗ ಮುಳ್ಳಿನ ನಡುವೆ ಅಳಿದುಳಿದ ಹುಲ್ಲಿಗೆ ಬಾಯಿ ಹಾಕಿ, ತುಟಿಯೆಲ್ಲ ರಕ್ತ ಮಾಡಿಕೊಂಡು ಮನೆಗೆ ಬರುತ್ತದೆ. ಹಾಲು ಅರ್ಧಕ್ಕಿಳಿದಿದೆ. ಒಂದು ಸಂಜೆ ಅದರ ಮೂತಿಯಿಂದ ಮುಳ್ಳು ತೆಗೆದು ಕೂತ ಅಕ್ಕ, ಮರುದಿನ ಮೂಲೆಯಲ್ಲಿದ್ದ ಗುದ್ದಲಿಯನ್ನು ಹೆಗಲಿಗೇರಿಸಿದಳು. ನಾನು ಬೇಡವೆಂದೆ. ಅವಳು ಕೇಳಲಿಲ್ಲ. ಮೊದಲ ಗಿಡ ಬಂಡೆಗೆ ಸೇರುವಷ್ಟರಲ್ಲಿ ತಮ್ಮ ಕಾವಲುಗಾರ ಬಂದ. ಪಾಪ, ಅವನೂ ಒಳ್ಳೆಯವನೇ.

"ಅಗೆಯೋ ಹಾಗಿಲ್ಲಮ್ಮ, ಆದೇಶ ಇದೆ" ಎಂದನಂತೆ.

"ಆದೇಶಾನ ಈ ಗಿಡಕ್ಕೂ ಓದಿ ಹೇಳಿದೀರೇನಪ್ಪ?" ಎಂದಳಂತೆ ಅಕ್ಕ. ಕರ್ತವ್ಯಕ್ಕೆ ಅಡ್ಡಿ ಎಂದು ನೋಟಿಸಿನಲ್ಲಿ ಬರೆದಿರುವುದು ಈ ಒಂದು ಪ್ರಶ್ನೆಯನ್ನೇ.

ಇನ್ನು ತಮ್ಮ ಕಚೇರಿಯ ವಿಷಯ. ಗುದ್ದಲಿಯನ್ನಾದರೂ ಬಿಡಿಸಿಕೊಂಡು ಬರೋಣವೆಂದು ನಾನು ಅಂಗಡಿ ಮುಚ್ಚಿ ಬಂದಿದ್ದೆ. ಪ್ರಕರಣ ಮುಗಿಯುವ ತನಕ ಅದು ಸಾಕ್ಷ್ಯದ ವಸ್ತು, ಬೀಗಮುದ್ರೆಯಲ್ಲಿದೆ, ಮುಟ್ಟುವಂತಿಲ್ಲ ಎಂದು ಗುಮಾಸ್ತರು ವಿವರಿಸಿದರು. ತಮ್ಮ ಭೇಟಿಗಾಗಿ ಹೊರಗಿನ ಬೆಂಚಿನಲ್ಲಿ ಕೂತೆ. ಎದುರಿಗೆ ಹುಲ್ಲುಹಾಸು, ಅದರಂಚಿನಲ್ಲಿ ಗುಡ್ಡದಿಂದ ಮರಳಿದ ಯಂತ್ರ ನಿಂತಿತ್ತು. ಅದರ ಹಲ್ಲುಗಳಲ್ಲಿ ಇನ್ನೂ ಬಿಳಿ ಎಳೆ ಸಿಕ್ಕಿಕೊಂಡಿತ್ತು. ಹುಲ್ಲುಹಾಸಿನ ನಡುವೆ ಅಲ್ಲಲ್ಲಿ ನಮ್ಮ ಮುಳ್ಳುಚೆಂಡು ಎಲೆ ಹಾಸಿಕೊಂಡು ಕೂತಿತ್ತು. ನೆಂಟರ ಮನೆಯಲ್ಲಿ ನಮ್ಮೂರಿನವರು ಸಿಕ್ಕಿದಷ್ಟು ಸಂತೋಷವಾಯಿತು.

ಅದನ್ನು ತಮ್ಮ ಮಾಲಿ ಅಗೆಯುತ್ತಿದ್ದರು, ಗುದ್ದಲಿಯಿಂದ. ಆ ಗುದ್ದಲಿಯ ಕಾವಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು, ಪಟ್ಟಿಯ ಮೇಲೆ ಒಂದು ಪಂಚರ್ ತೇಪೆ ಇತ್ತು. ಮಾನ್ಯರೇ, ನಾನು ಸೈಕಲ್ ರಿಪೇರಿಯವನು. ನಾನು ಕತ್ತರಿಸಿದ ತೇಪೆ ಯಾವಾಗಲೂ ಒಂದು ಕಡೆ ಸೊಟ್ಟ. ಕಾವು ಸೀಳಿದೆ, ಕೈಗೆ ಚುಚ್ಚುತ್ತದೆ ಎಂದು ಅಕ್ಕ ತಂದುಕೊಟ್ಟಾಗ ಹಳೆಯ ಟ್ಯೂಬು ಸುತ್ತಿಕೊಟ್ಟವನು ನಾನೇ. ಬೀಗಮುದ್ರೆಯೊಳಗಿಂದ ಅದು ಹೇಗೆ ಎದ್ದು ಬಂತೆಂದು ಬೆರಗಾಗಿ ನೋಡುತ್ತಿರುವಾಗ ತಾವು ಕಿಟಕಿಯಿಂದ ತಲೆ ಹೊರಹಾಕಿ ಮಾಲಿಗೆ ಹೇಳಿದಿರಿ: "ಬೇರುಸಮೇತ ತೆಗಿಯಪ್ಪ, ಹೂ ಬಿಟ್ರೆ ಆಮೇಲೆ ಕಷ್ಟ."

ಎಂಥ ಮಾತು! ಅಂದರೆ ತಮಗೆ ಗೊತ್ತು. ತಮ್ಮ ಕಿಟಕಿಯ ಕೆಳಗೆ ಹೂವಿಗೆ ಕಾಯಬೇಕಾಗಿಲ್ಲ, ಪರಿಶೀಲನೆ ಬೇಕಿಲ್ಲ, ಮಂಜೂರಾತಿಯೂ ಬೇಕಿಲ್ಲ. ಅಲ್ಲಿ ಎರಡು ಗಿಡ ಎದ್ದರೆ ಗುದ್ದಲಿ, ನಮ್ಮ ಗುಡ್ಡ ಪೂರ್ತಿ ಮುಚ್ಚಿಹೋದರೆ ವಿಜ್ಞಾನ. ನನಗೆ ಸಿಟ್ಟು ಬಂದದ್ದು ಅಜ್ಞಾನದ ಮೇಲಲ್ಲ, ಅದನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆವು. ತಮ್ಮನ್ನು ಕಾಣದೆಯೇ ಎದ್ದು ಬಂದೆ.

ಅಕ್ಕನಿಗೆ ಹೇಳಿದಾಗ ಅವಳು ಬೈಯುತ್ತಾಳೆಂದುಕೊಂಡಿದ್ದೆ. ಅತ್ತೆಯ ತುಟಿಗೆ ಎಣ್ಣೆ ಸವರುತ್ತಿದ್ದವಳು ಕೈ ನಿಲ್ಲಿಸಿ, "ಆ ಗುದ್ದಲಿ ತಲೆ ಸಡಿಲ ಇದೆ ಕಣೋ. ಆ ಮಾಲಿ ಕಾಲ ಮೇಲೆ ಬಿದ್ದೀತು, ಹೇಳಬಾರದಿತ್ತಾ?" ಎಂದಳು. ಆಮೇಲೆ, ವಿಚಾರಣೆಗೆ ಮೊದಲೇ ದನ ಮಾರಿಬಿಟ್ಟರೆ ಒಳ್ಳೆಯ ಮನೆ ನೋಡಿ ಕೊಡಬಹುದಲ್ಲವೇ ಎಂದು ಕೇಳಿದಳು. ಅದಕ್ಕೇ ತಮಗೆ ಬರೆಯಲು ಕೂತೆ.

ನನ್ನ ಬೇಡಿಕೆ ದೊಡ್ಡದಲ್ಲ. ಅಕ್ಕನ ಮೇಲಿನ ನೋಟಿಸು ವಾಪಸಾಗಲಿ. ಮುಳ್ಳುಚೆಂಡು ಕೀಳುವವರಿಗೆ ಅಗೆತದ ನಿಷೇಧ ತೆಗೆಯಿರಿ, ಗುಡ್ಡ ಹತ್ತುವ ಗುದ್ದಲಿಗಳನ್ನು ಅವುಗಳ ಪಾಡಿಗೆ ಬಿಡಿ. ಇಲ್ಲವಾದರೆ ವಿಚಾರಣೆ ಖಂಡಿತ ನಡೆಯಲಿ, ಅಕ್ಕ ಬರುತ್ತಾಳೆ, ಅವಳ ಹಿಂದೆ ನಾವೂ ಬರುತ್ತೇವೆ. ಆ ದಿನ ಗುದ್ದಲಿ ಮೇಜಿನ ಮೇಲಿರಲಿ. ಒಂದೇ ಒಂದು ಕೋರಿಕೆ, ಅದನ್ನು ತೊಳೆಯಬೇಡಿ. ನಮ್ಮ ಗುಡ್ಡದ್ದು ಕಪ್ಪು ಮಣ್ಣು. ತಮ್ಮ ಹುಲ್ಲುಹಾಸಿನದು ಕೆಂಪು.

ಇಂತಿ,
ಗಟ್ಟಿಯಾಗಿ ಟ್ಯೂಬು ಸುತ್ತಿಕೊಟ್ಟು ತಮ್ಮ ಮಾಲಿಗೆ ಅನುಕೂಲ ಮಾಡಿಕೊಟ್ಟ,
ಆರೋಪಿಯ ತಮ್ಮ