ಟ್ರಕ್ಕನ್ನೂ ಎತ್ತಿದ ಜಾಕ್‌ಗಳು

ವರ್ಮಾಂಟ್, ಭಾನುವಾರ ಸಂಜೆ

ಪ್ರಿಯ ತಂಗಿ ಹುಲ್ಡಾ, ದೇವರ ಕರುಣೆ ನಿನ್ನ ಮನೆಯ ಮೇಲಿರಲಿ.

ಇಂದು ಮೊಮ್ಮಗಳ ದೀಕ್ಷಾಸ್ನಾನ. ಚರ್ಚಿನ ಹಾದಿಯಲ್ಲಿ ಮಾಡು ಹೊದಿಸಿದ ಮರದ ಸೇತುವೆಯೊಂದಿದೆ. ಅದರ ಮಾಡು ತಗ್ಗು; ಟ್ರಕ್ಕಿನ ಬೆನ್ನ ಮೇಲೆ ಹೊತ್ತು ತಿರುಗುವ ನಮ್ಮ ಕ್ಯಾಂಪರ್ ಮನೆಯನ್ನು ಇಳಿಸದೆ ಅದರೊಳಗೆ ನುಸುಳಲಾಗದು. ನಾನೋ ಆತುರದಲ್ಲಿ ಮನೆಯನ್ನು ಟ್ರಕ್ಕಿಗೆ ಬಿಗಿದಿದ್ದ ಒಂದು ಮೂಲೆಯ ಸರಪಳಿಯನ್ನು ಬಿಚ್ಚದೆಯೇ, ನಾಲ್ಕು ಮೂಲೆಗಳಲ್ಲಿ ಕಾಲುಗಳಂತೆ ನಿಂತು ಮನೆಯನ್ನೆತ್ತುವ ವಿದ್ಯುತ್ ಜಾಕ್‌ಗಳ ಗುಂಡಿಯನ್ನು ಒತ್ತಿದೆ. ಮನೆಯೊಡನೆ ಟ್ರಕ್ಕೂ ಮೇಲೇಳತೊಡಗಿತು! ಆ ಮೂಲೆಯ ಜಾಕ್ ಕಿರುಗುಟ್ಟಿ, ಹೊಗೆಯಾಡಿ ನಿಂತುಹೋಯಿತು.

ಪಕ್ಕದ ಬಿಡಾರದ ರಾಸ್ಕೊ ಓಡಿಬಂದ. "ಏನ್ ಪಾದ್ರಿಗಳೇ, ಟ್ರಕ್ಕನ್ನೂ ಸೇರಿಸಿ ಸ್ವರ್ಗಕ್ಕೆ ಕಳಿಸ್ತಿದ್ದೀರಾ?"

ಒಳಗಿನಿಂದ ನಿನ್ನ ಅತ್ತಿಗೆ ಕೂಗಿದಳು: "ಸ್ವಲ್ಪ ತಡಿಯೋಕೆ ಹೇಳಪ್ಪ, ನಾನಿನ್ನೂ ತಲೆ ಬಾಚಿಲ್ಲ!"

ಅವಳನ್ನು ಕೆಳಗಿಳಿಸಿ, ಆ ಮೂಲೆಗೆ ಮರದ ದಿಮ್ಮಿಗಳ ಆಧಾರ ಕೊಟ್ಟು, ಸರಪಳಿಯನ್ನು ಬಿಚ್ಚಿದೆವು. ಆ ಜಾಕ್‌ನ ಸುಟ್ಟ ಮೋಟಾರಿನ ಸ್ಥಾನದಲ್ಲಿ ರಾಸ್ಕೊ ಆಪತ್ತಿಗೆಂದು ಇಟ್ಟುಕೊಂಡಿದ್ದ ಮೋಟಾರನ್ನು ಕೂಡಿಸಿದೆವು. ಗುಂಡಿ ಒತ್ತಿದಾಗ, ತಂಗೀ, ನಾಲ್ಕು ಕಾಲುಗಳೂ ಸಮನಾಗಿ ನೀಳವಾದವು! ಮನೆ ಅಂತರಿಕ್ಷದಲ್ಲಿ ನಿಂತಿತು. ಟ್ರಕ್ ಅದರ ಅಡಿಯಿಂದ ಹೊರಬಂದು ಸೇತುವೆಯತ್ತ ಧಾವಿಸಿತು.

ಗಂಟೆ ಮೊಳಗುತ್ತಿರುವಾಗಲೇ ಚರ್ಚನ್ನು ಮುಟ್ಟಿದೆವು. ಮಗು ನನ್ನ ತೋಳುಗಳಲ್ಲಿಯೇ ದೀಕ್ಷೆ ಪಡೆಯಿತು, ಕರ್ತನಿಗೆ ಸ್ತೋತ್ರ. ನನ್ನ ಸೊಂಟದ ನೋವು ಸಹ್ಯವಾಗಿದೆ. ಆದರೆ ಮಗುವಿಗೆ ತೊಡಿಸಿದ್ದ, ನಮ್ಮ ತಾಯಿ ಹೊಲಿದ ಆ ಬಿಳಿಯ ನಿಲುವಂಗಿಯ ಬೆನ್ನ ಮೇಲೆ ನನ್ನ ಹೆಬ್ಬೆರಳು ಕಪ್ಪು ಗ್ರೀಸಿನಲ್ಲಿ ಅಚ್ಚೊತ್ತಿದೆ. ನಿನ್ನ ಅತ್ತಿಗೆ ಇನ್ನೂ ಕಂಡಿಲ್ಲ. ಅದನ್ನು ತೆಗೆಯುವ ಉಪಾಯವನ್ನು ಕೂಡಲೇ ತಿಳಿಸು. ದಯಮಾಡಿ ಕಾರ್ಡಿನಲ್ಲಿ ಬೇಡ, ಅಂಟಿಸಿದ ಲಕೋಟೆಯಲ್ಲಿ ಬರೆ.

ನಿನ್ನ ಅಣ್ಣ,
ಆನ್ಸ್‌ಗರ್